ವೌಕೆಯ ಸಾಲಿನಲ್ಲಿ ಒಂದು ಸುತ್ತು

ಮೊಲೊಕಾಯಿ, ಪೂರ್ವ ತುದಿ
ಮಾರ್ಚ್ 11, 2018

ಪ್ರೀತಿಯ ಅಣ್ಣ,

ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದು ಒಂಬತ್ತು ದಿನವಾಯಿತು. ಅರಿಜೋನಾದ ಜೈಲಿನವರು ನಿನಗೆ ಕೊಟ್ಟ ಹದಿನೈದು ನಿಮಿಷದ ಫೋನಿನಲ್ಲಿ ನಾನು ಅತ್ತದ್ದೇ ಹೆಚ್ಚು, ಹೇಳಿದ್ದು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನ ಬಲಭಾಗ ಪೂರ್ತಿ ಬಿದ್ದುಹೋಗಿದೆ. ಮಾತು ಹೋಗಿದೆ. ಎಡಗೈ ಮಾತ್ರ ಆಡುತ್ತದೆ. ಅಮ್ಮ ಎಡಚಿಯಾಗಿ ಹುಟ್ಟಿದ್ದು ಎಪ್ಪತ್ತೊಂದು ವರ್ಷದ ಮೇಲೆ ಉಪಯೋಗಕ್ಕೆ ಬಂತು ಎಂದು ನರ್ಸ್ ಹೇಳಿದಳು. ಬೇರೆಯವರು ಆಡಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ. ನಾನು ಮಗುವಿನೊಂದಿಗೆ ಮಾತಾಡುವ ಹಾಗೆ ಮಾತಾಡಿದರೆ ಕಣ್ಣಲ್ಲೇ ಬೈಯುತ್ತಾಳೆ.

ಮೊನ್ನೆ ಅಜ್ಜಿಯ ಪೆಟ್ಟಿಗೆಯ ಕಡೆ ಕೈ ತೋರಿಸಿದಳು. ತೆಗೆದುಕೊಟ್ಟೆ. ಅದರೊಳಗೆ ಅಜ್ಜಿ ನಾರು ಬಡಿಯುತ್ತಿದ್ದ ಕೊಡತಿ ಇದೆಯಲ್ಲ, ಕೌವಿಲ ಮರದ್ದು, ನಾಲ್ಕು ಮುಖಕ್ಕೂ ಗೀರು ಕೆತ್ತಿದ್ದು, ಅದನ್ನು ಎತ್ತಿ ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಕಿಟಕಿಯ ಆಚೆ, ನಿನ್ನ ವೌಕೆ ತೋಟದ ಕಡೆ ಬೆರಳು ಮಾಡಿದಳು. ಅಜ್ಜಿಯನ್ನು ಅಂಗಡಿಯ ನೈಲಾನ್ ಉಡುಪಿನಲ್ಲಿ ಮಣ್ಣು ಮಾಡಿ ಬಂದ ದಿನ ಅಮ್ಮ ಹೇಳಿದ್ದು ನಿನಗೆ ನೆನಪಿರಬೇಕು. "ನನ್ನನ್ನೂ ಹಿಂಗೇ ಪ್ಲಾಸ್ಟಿಕ್ಕಲ್ಲಿ ಸುತ್ತಿ ಕಳಿಸಿದ್ರೆ ಎದ್ದು ಬಂದು ನಿಮ್ಮಿಬ್ಬರ ಕಿವಿ ಹಿಂಡ್ತೀನಿ." ನಾವಿಬ್ಬರೂ ನಕ್ಕಿದ್ದೆವು. ಅವಳು ನಕ್ಕಿರಲಿಲ್ಲ.

ಅವಳಿಗೆ ಕಾಪಾ ಬೇಕು. ಈ ಮನೆಯ ವೌಕೆ ಗಿಡದ ತೊಗಟೆಯ ನಾರನ್ನು ಬಡಿದು ಮಾಡಿದ ಬಟ್ಟೆ. ಹೋಗುವಾಗ ಸುತ್ತಿಕೊಂಡು ಹೋಗಲು.

ನೀನಿಲ್ಲದ ಏಳು ವರ್ಷದಲ್ಲಿ ತೋಟ ಕಾಡಾಗಿದೆ. ಹಳೆಯ ಬೇರುಗಳಿಂದ ಎದ್ದ ಎಳೆಯ ಸಸಿಗಳು ಅಲ್ಲಲ್ಲಿ ಇವೆ. ಅವನ್ನು ಬಿಡಿಸಿ ಹೊಸದಾಗಿ ಸಾಲು ಹಾಕಬೇಕೆಂದಿದ್ದೇನೆ. ಆದರೆ ನನಗೆ ಏನು ಗೊತ್ತು? ಹನ್ನೆರಡು ತುಂಬುತ್ತಲೇ ನನ್ನನ್ನು ಹೊನೊಲುಲುವಿನ ಇಂಗ್ಲಿಷ್ ಶಾಲೆಯ ಹಾಸ್ಟೆಲಿಗೆ ಕಳಿಸಿದರು. ನೀನು ತಾತನ ಹಿಂದೆ ತೋಟದಲ್ಲಿ ಉಳಿದೆ. ಇಪ್ಪತ್ತು ವರ್ಷ ಲೈಬ್ರರಿಯಲ್ಲಿ ಕೂತು ಗಿಡಮೂಲಿಕೆಯ ಪುಸ್ತಕಗಳನ್ನು ಊರಿಗೆಲ್ಲ ಎರವಲು ಕೊಟ್ಟವಳು ಒಂದು ಗಿಡ ನೆಟ್ಟವಳಲ್ಲ. ಎಲ್ಲ ಬರೆ. ನಿನಗೆ ಸಣ್ಣದು ಅನ್ನಿಸುವುದನ್ನೂ ಬರೆ.

ನಿನ್ನ ತಂಗಿ,
ವೈಲಾನಾ

*

ಅರಿಜೋನಾ
ಏಪ್ರಿಲ್ 2, 2018

ವೈಲಾ,

ನಿನ್ನ ಕಾಗದದ ಜೆರಾಕ್ಸ್ ಸಿಕ್ಕಿತು. ಇಲ್ಲಿ ಈಗ ಅಸಲು ಕಾಗದ ಕೈಗೆ ಕೊಡುವುದಿಲ್ಲ. ನಕಲು ತೆಗೆದು ಕೊಡುತ್ತಾರೆ. ನಿನ್ನ ಅಕ್ಷರ ಬಂತು, ಮನೆಯ ವಾಸನೆ ಬರಲಿಲ್ಲ.

ವೌಕೆ ಬೆಳೆಸುವುದು ಕಷ್ಟವಲ್ಲ. ನೀನು ಓದಿದವಳು, ನಿನಗೆ ಕಷ್ಟ ಮಾಡಿಕೊಳ್ಳುವ ಅಭ್ಯಾಸ, ಅಷ್ಟೇ. ಸಸಿಗಳನ್ನು ಮೊಳದ ಅಂತರದಲ್ಲಿ ನೆಡು, ಒತ್ತಾಗಿ. ಬಿಸಿಲು ಹುಡುಕಿಕೊಂಡು ನೆಟ್ಟಗೆ ಮೇಲೇಳುತ್ತವೆ. ಸಮುದ್ರದ ಕಡೆಗೆ ಬಾಳೆ ಹಾಕು. ಗಾಳಿಗೆ ಕಾಂಡಗಳು ಒಂದಕ್ಕೊಂದು ಉಜ್ಜಿದರೆ ತೊಗಟೆ ಗಾಯವಾಗುತ್ತದೆ. ಹೊಳೆಯ ಕಾಲುವೆಯಲ್ಲಿ ಮೂರನೆಯ ಕಲ್ಲು ಸರಿಸಿದರೆ ನೀರು ತಾನಾಗಿ ಬರುತ್ತದೆ, ಎರಡು ದಿನಕ್ಕೊಮ್ಮೆ ಸಾಕು. ಜಿಂಕೆಗೆ ಬೇಲಿ ಹಾಕು, ನಿನ್ನ ತಲೆಗಿಂತ ಎರಡು ಮೊಳ ಎತ್ತರ. ಆ ಚುಕ್ಕಿ ಜಿಂಕೆಗಳಿಗೆ ನಾಚಿಕೆ ಇಲ್ಲ. ಕಳೆ ಕಿತ್ತು ಅದನ್ನೇ ಬುಡಕ್ಕೆ ಹಾಕು.

ಹದಿಮೂರು, ಹದಿನಾಲ್ಕು ತಿಂಗಳಿಗೆ ಕಾಂಡ ಎರಡು ಹೆಬ್ಬೆರಳಿನ ದಪ್ಪ ಆಗುತ್ತದೆ. ಆಗ ಕಡಿಯಬೇಕು. ಸುಲಿಯುವುದು, ನೆನೆಹಾಕುವುದು, ಬಡಿಯುವುದು ಆಂಟಿ ವೆಲೀನಾಗೆ ಬಿಡು. ದ್ವೀಪದ ಆ ತುದಿಯಿಂದ ಅವಳನ್ನು ಕರೆಸು. ಬೈಯುತ್ತಾಳೆ, ಆದರೆ ಬರುತ್ತಾಳೆ.

ಇಷ್ಟೇ. ಇನ್ನೇನಿಲ್ಲ. ಬೆಳಿಗ್ಗೆ ಕಾಫಿ ಹಿಡಿದು ಸಾಲಿನಲ್ಲಿ ಒಂದು ಸುತ್ತು ಹಾಕು. ತಾತ ಹಾಗೇ ಮಾಡುತ್ತಿದ್ದ, ನಾನೂ ಹಾಗೇ. ಗಿಡಕ್ಕೆ ಮನುಷ್ಯರ ಮುಖ ಕಾಣಬೇಕು ಅನ್ನುತ್ತಿದ್ದ. ಅದು ಕೆಲಸದಲ್ಲಿ ಸೇರಿದ್ದಲ್ಲ ಬಿಡು.

ಆ ಹಡಗುಕಟ್ಟೆಯ ಜಗಳದಲ್ಲಿ ಒಂದು ಕ್ಷಣ ನನ್ನ ಕೈ ನಾನೇ ಹಿಡಿದುಕೊಂಡಿದ್ದರೆ ಈ ಕೆಲಸ ನಿನಗೆ ಬರುತ್ತಿರಲಿಲ್ಲ. ಮುಂದಿನ ವರ್ಷ ಮೇನಲ್ಲಿ ನನ್ನ ಬಿಡುಗಡೆಯ ವಿಚಾರಣೆ ಇದೆ. ಅಮ್ಮನಿಗೆ ಹೇಳು. ಕಿವಿಯಲ್ಲಿ ಹೇಳು, ಕೇಳಿಸಿತಾ ಅಂತ ಕೇಳು.

ಲೋಪಾಕ

*

ಮೊಲೊಕಾಯಿ
ಆಗಸ್ಟ್ 20, 2018

ಪ್ರೀತಿಯ ಅಣ್ಣ,

ನಿನಗೆ ಹೆಮ್ಮೆಯಾಗುವಂಥ ಸುದ್ದಿ. ಗಿಡ ನನ್ನ ಎದೆಯ ಮಟ್ಟಕ್ಕೆ ಬಂದಿದೆ. ಎಷ್ಟು ಸೊಂಪಾಗಿದೆ ಎಂದರೆ ಬುಡದಿಂದ ತುದಿಯವರೆಗೂ ಎಲೆ, ಪ್ರತಿ ಗೆಣ್ಣಿನಲ್ಲೂ ಹೊಸ ಕೊಂಬೆ. ಒಂದು ಗಿಡ ಇನ್ನೊಂದಕ್ಕೆ ಹೆಣೆದುಕೊಂಡು ಸಾಲಿನ ಒಳಗೆ ಬೆಳಕೇ ಬೀಳದು. ನಿನ್ನ ಕಾಲದಲ್ಲಿ ಅವು ಬೋಳು ಕೋಲುಗಳ ಹಾಗೆ ನಿಂತಿರುತ್ತಿದ್ದುದು ನನಗೆ ಮಸುಕಾಗಿ ನೆನಪಿದೆ. ನನ್ನ ಕೈಗುಣ ನಿನ್ನದಕ್ಕಿಂತ ಒಳ್ಳೆಯದಿರಬಹುದೇ ಎಂದು ಒಂದು ಗಳಿಗೆ ಅನ್ನಿಸಿತು. ತಪ್ಪು ತಿಳಿಯಬೇಡ.

ಬೇಲಿ ನಾನೇ ಹಾಕಿದೆ. ದಿನಾ ಬೆಳಿಗ್ಗೆ ನೀನು ಹೇಳಿದ ಹಾಗೆ ಕಾಫಿಯ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಸುತ್ತು ಹಾಕುತ್ತೇನೆ. ದಿನದ ಮೊದಲ ಅರ್ಧ ಗಂಟೆ ನಾನು ಒಳ್ಳೆಯವಳಾಗಿರುತ್ತೇನೆ. ಆಮೇಲೆ ಅಮ್ಮನ ಸ್ನಾನ, ಹಾಸಿಗೆ, ಔಷಧಿ ಶುರುವಾಗುತ್ತದೆ, ನನ್ನ ಸಹನೆ ಮುಗಿಯುತ್ತದೆ.

ಒಂದು ಮಾತು ಯಾರಿಗೂ ಹೇಳಿಲ್ಲ. ಅಮ್ಮ ನನ್ನನ್ನು ಚಿವುಟುತ್ತಾಳೆ. ಗಾಲಿಕುರ್ಚಿಯಲ್ಲಿ ಕೂರಿಸಿ ತೋಟದ ಹತ್ತಿರ ಕರೆದೊಯ್ಯುತ್ತೇನೆ. ಕುರ್ಚಿ ಕಾಲುವೆ ದಾಟುವುದಿಲ್ಲ, ಈಚೆ ದಡದಲ್ಲೇ ನಿಲ್ಲಿಸುತ್ತೇನೆ. ಗಿಡ ಕಂಡ ಕೂಡಲೇ ನನ್ನ ಮುಂಗೈ ಹಿಡಿದು ಹೆಬ್ಬೆರಳಿನ ಉಗುರು ಒತ್ತಿ ಚಿವುಟುತ್ತಾಳೆ. ಒಂದು ಸಲ ಅಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ, ಸಾಲಾಗಿ. "ಅಮ್ಮಾ, ನೋಯುತ್ತೆ ಕಣೇ" ಎಂದರೆ ನನ್ನನ್ನೇ ದುರುಗುಟ್ಟಿ ನೋಡಿ ಮತ್ತೆ ಚಿವುಟುತ್ತಾಳೆ. ಲಕ್ವ ಹೊಡೆದವರ ಬೆರಳು ಹಾಗೆ ತಾನಾಗಿ ಆಡುತ್ತದೆಂದು ಡಾಕ್ಟರು ಹೇಳಿದರು. ನನಗೆ ಹಾಗನ್ನಿಸುವುದಿಲ್ಲ. ಹನ್ನೆರಡಕ್ಕೆ ಮನೆ ಬಿಟ್ಟವಳು ರಜಕ್ಕೂ ಸರಿಯಾಗಿ ಬರಲಿಲ್ಲ ಎಂಬ ಸಿಟ್ಟು ಅವಳೊಳಗೆ ಇಷ್ಟು ವರ್ಷ ಇತ್ತು, ಮಾತು ಹೋದ ಮೇಲೆ ಉಗುರಿಗೆ ಬಂದಿದೆ. ಕಳಿಸಿದ್ದು ಅವಳೇ ಅಲ್ಲವೇ ಎಂದು ಕೇಳಬೇಕೆನ್ನಿಸುತ್ತದೆ. ಉತ್ತರ ಕೊಡಲಾಗದವಳನ್ನು ಕೇಳುವುದು ಹೇಡಿತನ.

ನೀನು ಹತ್ತಿರವಿದ್ದಿದ್ದರೆ ಕೇಳುತ್ತಿದ್ದೆ, ಅವಳು ನನ್ನ ಬಗ್ಗೆ ಏನು ಹೇಳುತ್ತಿದ್ದಳು ಎಂದು.

ವೈಲಾನಾ

*

ಅರಿಜೋನಾ
ಸೆಪ್ಟೆಂಬರ್ 15, 2018

ವೈಲಾ,

ಗಿಡ ಚೆನ್ನಾಗಿ ಬಂದಿದೆ ಎಂದು ಓದಿ ಖುಷಿಯಾಯಿತು. ಹಾಗೇ ಬಿಡು. ಏನೂ ಮಾಡಬೇಡ. ಕಡಿಯಲು ಅವಸರ ಬೇಡ, ಎರಡು ವರ್ಷ ಬಿಟ್ಟರೂ ನಷ್ಟವಿಲ್ಲ.

ಅಮ್ಮ ಚಿವುಟುವುದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಚಿಕ್ಕವನಿದ್ದಾಗ ನನ್ನನ್ನೂ ಚಿವುಟುತ್ತಿದ್ದಳು. ನೀನು ಹಾಸ್ಟೆಲಿನಲ್ಲಿದ್ದು ತಪ್ಪಿಸಿಕೊಂಡಿದ್ದೆ, ಈಗ ನಿನ್ನ ಸರದಿ. ಡಾಕ್ಟರು ಹೇಳಿದ್ದೇ ಸರಿ ಇರಬೇಕು.

ಅವಳು ಊಟ ಮಾಡುತ್ತಾಳಾ? ಪೋಯಿ ಸ್ವಲ್ಪ ಹುಳಿ ಬಂದ ಮೇಲೆ ಕೊಡು, ಅವಳಿಗೆ ಅದೇ ಇಷ್ಟ. ಇಲ್ಲಿ ಆಲೂಗಡ್ಡೆ ಪುಡಿ ಕಲಸಿ ಕೊಡುತ್ತಾರೆ. ಕಣ್ಣು ಮುಚ್ಚಿ ತಿಂದರೂ ಕೆಸುವಿನ ಗಡ್ಡೆಯ ಪೋಯಿ ಆಗುವುದಿಲ್ಲ.

ಈ ಕಾಗದ ಮೂರು ಸಲ ಬರೆದು ಹರಿದೆ. ಇಷ್ಟು ಚಿಕ್ಕ ಕಾಗದಕ್ಕೆ ಇಷ್ಟು ಹೊತ್ತು ಯಾಕೆ ಹಿಡಿಯಿತೋ.

ಲೋಪಾಕ

*

ಮೊಲೊಕಾಯಿ
ಜನವರಿ 6, 2019

ಪ್ರೀತಿಯ ಅಣ್ಣ,

ನಿನ್ನ ಕಾಗದಗಳನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಆಲೂಗಡ್ಡೆಯದನ್ನು ಎರಡು ಸಲ ಓದಿಸಿಕೊಂಡಳು. ಚಿವುಟುವ ಭಾಗ ಬಂದಾಗ ಹುಬ್ಬು ಗಂಟಿಕ್ಕಿ ಕಾಗದವನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಕಣ್ಣ ಹತ್ತಿರ ಹಿಡಿದು ನೋಡಿದಳು. ಆಮೇಲೆ ಮಡಿಲಲ್ಲಿ ಇಟ್ಟುಕೊಂಡಳು.

ಅಣ್ಣ, ಅವಳು ಇಳಿಯುತ್ತಿದ್ದಾಳೆ. ಎದೆಯಲ್ಲಿ ಕಫ. ಉಹಲೋವಾ ಬೇರಿನ ಕಷಾಯ ಮಾಡಿ ಚಮಚದಲ್ಲಿ ಕೊಡುತ್ತೇನೆ, ಅರ್ಧ ಹೊರಗೆ ಬರುತ್ತದೆ. ಈ ವರ್ಷದ ಕೊನೆ ನೋಡುವುದು ಅನುಮಾನ ಎಂದು ಡಾಕ್ಟರು ಹೇಳಿದರು. ನಿನಗೆ ಹೇಳಬೇಕೋ ಬೇಡವೋ ಎಂದು ಹತ್ತು ದಿನ ಯೋಚಿಸಿದೆ. ಮುಚ್ಚಿಡುವ ಹಕ್ಕು ನನಗಿಲ್ಲ.

ಒಂದು ಸಮಾಧಾನ. ನವೆಂಬರಿನಿಂದ ಅಮ್ಮ ಚಿವುಟುವುದನ್ನು ನಿಲ್ಲಿಸಿದ್ದಾಳೆ. ತೋಟದ ಹತ್ತಿರ ಕರೆದೊಯ್ದರೆ ಒಮ್ಮೆ ನೋಡಿ ಕಣ್ಣು ಮುಚ್ಚಿಕೊಳ್ಳುತ್ತಾಳೆ. ನನ್ನ ಕೈ ಹಿಡಿಯುವುದೂ ಇಲ್ಲ. ಕೊನೆಗೂ ನನ್ನನ್ನು ಒಪ್ಪಿಕೊಂಡಳು ಎಂದುಕೊಂಡೆ. ಮುಂಗೈಯ ಕಲೆಗಳು ಮಾಯುತ್ತಿವೆ. ಹಾಗಿದ್ದರೂ ಯಾಕೋ ಅದು ಒಪ್ಪಿಗೆಯಂತೆ ಕಾಣುವುದಿಲ್ಲ.

ಆಂಟಿ ವೆಲೀನಾ ಏಪ್ರಿಲಿನಲ್ಲಿ ಬರಲು ಒಪ್ಪಿದ್ದಾಳೆ. ನೆಟ್ಟು ವರ್ಷವಷ್ಟೇ ಆಗಿರುತ್ತದೆ, ಆದರೂ ಕಾಯುವಂತಿಲ್ಲ. ಕಡಿಯುತ್ತೇವೆ.

ವೈಲಾನಾ

*

ಅರಿಜೋನಾ
ಫೆಬ್ರವರಿ 10, 2019

ವೈಲಾ,

ಏಪ್ರಿಲ್ ಬೇಡ. ಮೇನಲ್ಲಿ ನನ್ನ ವಿಚಾರಣೆ. ಬಿಟ್ಟರೆ ಜುಲೈ ಹೊತ್ತಿಗೆ ಮನೆಯಲ್ಲಿರುತ್ತೇನೆ. ನಾನೇ ಕಡಿಯುತ್ತೇನೆ, ನಾನೇ ಸುಲಿಯುತ್ತೇನೆ. ಇನ್ನೊಂದು ಬೆಳೆ ಬೇಕಾದರೆ ಅದನ್ನೂ ನಾನೇ ಹಾಕುತ್ತೇನೆ.

ಕಡಿಯಲೇಬೇಕೆಂದರೆ ಕಡಿ. ಆದರೆ ಬಟ್ಟೆ ಸಿದ್ಧವಾಯಿತು ಅಂತ ಅಮ್ಮನಿಗೆ ಮಾತ್ರ ಹೇಳಬೇಡ. ಈ ಸಾಲನ್ನು ಅವಳಿಗೆ ಓದಬೇಡ. ಅಮ್ಮ ಒಂದು ಕೆಲಸವನ್ನೂ ಅರ್ಧಕ್ಕೆ ಬಿಟ್ಟು ಎದ್ದವಳಲ್ಲ. ನಿನಗೆ ಗೊತ್ತಿಲ್ಲ, ನೀನು ಇರಲಿಲ್ಲ. ಜ್ವರ ಬಂದರೂ ಚಾಪೆಯ ಕೊನೆಯ ಅಂಚು ಹೆಣೆದೇ ಮಲಗುತ್ತಿದ್ದಳು.

ಲೋಪಾಕ

*

ಮೊಲೊಕಾಯಿ
ಏಪ್ರಿಲ್ 29, 2019

ಲೋಪಾಕ,

ಶನಿವಾರ ಆಂಟಿ ವೆಲೀನಾ ಬಂದಳು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಟ್ರಕ್ಕಿನಿಂದ ಇಳಿದವಳು ಮನೆಗೆ ಬಾರದೆ ನೇರವಾಗಿ ತೋಟಕ್ಕೆ ಹೋದಳು. ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಇದೇನೇ ಹುಡುಗಿ, ದನ ಬರದ ಹಾಗೆ ಪೊದೆ ಬೆಳೆಸಿದೀಯಾ?"

"ಇಲ್ಲ ಆಂಟಿ, ವೌಕೆ."

"ವೌಕೆ ಅಂತ ನಂಗೂ ಕಾಣತ್ತೆ. ಕಣ್ಣು ಇನ್ನೂ ಹೋಗಿಲ್ಲ."

ಒಂದು ಗಿಡ ಕಡಿದಳು. ಕೊಂಬೆಗಳನ್ನೆಲ್ಲ ಸವರಲು ಕಾಲು ಗಂಟೆ ಹಿಡಿಯಿತು. ತೊಗಟೆ ಸೀಳಿ ಸುಲಿದು, ಹೊರಸಿಪ್ಪೆಯನ್ನು ಚಿಪ್ಪಿನಿಂದ ಹೆರೆದು, ಒಳಗಿನ ಬಿಳಿ ನಾರನ್ನು ಬಿಸಿಲಿಗೆ ಎತ್ತಿ ಹಿಡಿದಳು. ಗೇಣಿಗೊಂದು ತೂತು. ಒಂದರಲ್ಲಿ ಆಚೆಯ ಸಮುದ್ರ ಕಾಣುತ್ತಿತ್ತು.

"ಕುಡಿ ಯಾರು ಚಿವುಟ್ತಿದ್ರು?"

"ಯಾವ ಕುಡಿ?"

ಅವಳು ನನ್ನ ಮುಖ ನೋಡಿದಳು. ನಾನು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾದ ಮೇಲೆ ದನಿ ತಗ್ಗಿಸಿದಳು. "ಗೆಣ್ಣಲ್ಲಿ ಹುಟ್ಟೋ ಕುಡಿ ಕಣೇ. ಅಕ್ಕಿ ಕಾಳಿನಷ್ಟಿದ್ದಾಗ್ಲೇ ಉಗುರಲ್ಲಿ ತೆಗೀಬೇಕು. ಬಿಟ್ರೆ ಕೊಂಬೆ. ಕೊಂಬೆ ಇದ್ದ ಕಡೆಯೆಲ್ಲ ನಾರಲ್ಲಿ ತೂತು. ನಿಮ್ಮಣ್ಣ ಹೇಳ್ಲಿಲ್ವಾ?"

"ಬೆಳಿಗ್ಗೆ ಕಾಫಿ ಹಿಡ್ಕೊಂಡು ಒಂದು ಸುತ್ತು ಹಾಕು ಅಂದ."

"ಹಾಕ್ದ್ಯಾ?"

"ಒಂದು ದಿನವೂ ತಪ್ಪಿಸಿಲ್ಲ."

"ಕೈಯಲ್ಲಿ ಏನು ಮಾಡ್ತಿದ್ದೆ?"

"ಕಪ್ಪು ಹಿಡ್ಕೊಂಡಿದ್ದೆ."

"ಎರಡು ಕೈಲೂ?"

"ಎರಡು ಕೈಲೂ."

ಆಂಟಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅವಳು ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು. ಜಗಲಿಯಲ್ಲಿ ಅಮ್ಮ ಕುರ್ಚಿಯಲ್ಲಿ ಕೂತಿದ್ದಳು. ಎಡಗೈ ಮೇಲೆತ್ತಿ, ಹೆಬ್ಬೆರಳು ತೋರುಬೆರಳು ಸೇರಿಸಿ, ಗಾಳಿಯಲ್ಲಿ ಚಿವುಟುತ್ತಿದ್ದಳು. ಕೆಳಗಿನಿಂದ ಮೇಲಕ್ಕೆ, ಸಾಲಾಗಿ.

"ಹೌನಾನಿ ಎಷ್ಟು ದಿನದಿಂದ ಹಿಂಗೆ ಮಾಡ್ತಾಳೆ?" ಎಂದು ಆಂಟಿ ಅಮ್ಮನ ಹೆಸರು ಹಿಡಿದು ಕೇಳಿದಳು.

ಆಗಸ್ಟಿನಿಂದ ನವೆಂಬರಿನವರೆಗೆ, ಕಾಲುವೆ ದಾಟಲಾಗದ ಹೆಂಗಸು ನನ್ನ ಕೈಯನ್ನೇ ಗಿಡದ ಕಾಂಡ ಮಾಡಿಕೊಂಡು ಪಾಠ ಹೇಳಿದ್ದಾಳೆ. ಗೆಣ್ಣಿನಿಂದ ಗೆಣ್ಣಿಗೆ. ನಾನು ಅದನ್ನು ಮೂವತ್ತು ವರ್ಷದ ಹಳೆಯ ನನ್ನದೇ ದುಃಖವನ್ನಾಗಿ ಓದಿಕೊಂಡೆ. ಇಷ್ಟೆಲ್ಲ ಓದಿದ್ದು ಇದಕ್ಕೆ.

ಅದು ನನ್ನ ತಪ್ಪು. ಈಗ ನಿನ್ನ ಕಡೆ ಬರುತ್ತೇನೆ. ಬುಡದಿಂದ ತುದಿಯವರೆಗೆ ಎಲೆ, ಪ್ರತಿ ಗೆಣ್ಣಿಗೂ ಕೊಂಬೆ ಎಂದು ಆಗಸ್ಟಿನಲ್ಲೇ ಬರೆದಿದ್ದೆ. ಅಮ್ಮ ಹೇಗೆ ಚಿವುಟುತ್ತಾಳೆಂದೂ ಬರೆದಿದ್ದೆ. ನೀನು ಹಾಗೇ ಬಿಡು ಎಂದೆ. ಡಾಕ್ಟರು ಹೇಳಿದ್ದೇ ಸರಿ ಎಂದೆ. ನಿನಗೆ ಆಗಲೇ ಗೊತ್ತಿತ್ತೇ? ಹೌದು ಅಥವಾ ಇಲ್ಲ.

ನಾರಿನ ಒಂದು ಪಟ್ಟಿಯನ್ನು ಈ ಕಾಗದದೊಡನೆ ಇಡಬೇಕೆಂದಿದ್ದೆ. ನಿಮ್ಮವರು ತೆಗೆದು ಎಸೆಯುತ್ತಾರೆ. ಅದಕ್ಕೆ ಪಟ್ಟಿಯನ್ನು ಕಾಗದದ ಹಿಂಬದಿಗೆ ಇಟ್ಟು ತೂತುಗಳ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಜೆರಾಕ್ಸಿನಲ್ಲಿ ಚೆನ್ನಾಗಿ ಕಾಣುತ್ತದೆ.

ನಾನು ಕಾಲುವೆಯ ದಡದಲ್ಲಿ ಕೂತು ಅಳುತ್ತಿದ್ದಾಗ ಆಂಟಿ ಹೇಳಿದಳು, "ಅಳೋಕೆ ಆಮೇಲೆ ಬೇಕಾದಷ್ಟು ಟೈಮ್ ಇದೆ, ಏಳು. ತೂತಿದ್ರೆ ತೇಪೆ ಹಾಕೋಣ. ಮೊದಲು ಸುಲಿ." ಸುಲಿಯುತ್ತಿದ್ದೇವೆ.

ವೈಲಾನಾ

*

ಅರಿಜೋನಾ
ಮೇ 23, 2019

ವೈಲಾ,

ಹೌದು.

ಮೊದಲ ಕಾಗದದಲ್ಲಿ ಬರೆಯದೆ ಇದ್ದದ್ದು ಬೇಕೆಂದಲ್ಲ. ಇದನ್ನು ನಂಬು. ಯಾರೂ ನನಗೆ ಅದನ್ನು ಹೇಳಿಕೊಟ್ಟಿರಲಿಲ್ಲ. ತಾತನ ಹಿಂದೆ ನಡೆಯುತ್ತಿದ್ದೆ, ಅವನ ಕೈ ಹೋದ ಕಡೆ ನನ್ನ ಕೈ ಹೋಗುತ್ತಿತ್ತು. ಅದಕ್ಕೆ ನಮ್ಮಲ್ಲಿ ಹೆಸರೇ ಇರಲಿಲ್ಲ. ಕಾಫಿ ಕುಡಿಯುವುದು ಅಂದರೆ ಅದೇ ಆಗಿತ್ತು. ಇಲ್ಲಿ ಈಗಲೂ ಬೆಳಿಗ್ಗೆ ಕಾಫಿ ಹಿಡಿದಾಗ ಇನ್ನೊಂದು ಕೈಯ ಹೆಬ್ಬೆರಳು ಸುಮ್ಮನೆ ಆಡುತ್ತಿರುತ್ತದೆ. ಪಕ್ಕದವನು, "ಏನಪ್ಪ, ಯಾರ ಕತ್ತು ಮುರೀತಿದೀಯ?" ಅನ್ನುತ್ತಾನೆ.

ಆಗಸ್ಟಿನ ಕಾಗದ ಓದಿದ ಕೂಡಲೇ ಗೊತ್ತಾಯಿತು. ಅಮ್ಮ ಏನು ಹೇಳುತ್ತಿದ್ದಾಳೆ ಎಂದೂ ಗೊತ್ತಾಯಿತು. ಆಗ ಗಿಡ ಎದೆಮಟ್ಟ. ಆವತ್ತೇ ಬರೆದಿದ್ದರೆ ಕೆಳಗಿನದು ಹೋದರೂ ಮೇಲಿನ ಅರ್ಧ ಉಳಿಯುತ್ತಿತ್ತು. ಒಂದು ಕಾಗದದಲ್ಲಿ ಬರೆದೂ ಇದ್ದೆ. ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ.

ಲೆಕ್ಕ ಹಾಕಿದೆ. ಈ ಬೆಳೆ ಕೆಟ್ಟರೆ ಇನ್ನೊಂದು ಹಾಕಬೇಕು. ಅದಕ್ಕೆ ಇನ್ನೂ ಹದಿನಾಲ್ಕು ತಿಂಗಳು. ಅಷ್ಟರಲ್ಲಿ ನಾನು ಬಂದಿರುತ್ತೇನೆ. ಬಟ್ಟೆ ಆಗುವವರೆಗೆ ಅಮ್ಮ ಹೋಗುವುದಿಲ್ಲ. ಅವಳನ್ನು ಕಾಯಿಸಬೇಕಿತ್ತು. ಇಲ್ಲಿ ಕೂತು ಅವಳನ್ನು ಹಿಡಿದುಕೊಳ್ಳಲು ನನ್ನ ಕೈಗೆ ಸಿಕ್ಕಿದ್ದು ಅದೊಂದೇ. ಮುಂಗೈ ನೋಯುತ್ತದೆ ಎಂದು ನೀನು ಬರೆದಾಗಲೂ ಸುಮ್ಮನಿದ್ದೆ. ನೀನು ಅದನ್ನು ಬೇರೆ ಏನೋ ಎಂದು ತಿಳಿದುಕೊಂಡೆ, ಅದು ನನಗೆ ಅನುಕೂಲವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ವಿಚಾರಣೆ ಹದಿನಾಲ್ಕನೇ ತಾರೀಕು ಆಯಿತು. ಈ ಸಲ ಇಲ್ಲ ಎಂದರು. ಮುಂದಿನ ಮೇನಲ್ಲಿ ಮತ್ತೆ ನೋಡುತ್ತಾರಂತೆ.

ಪೆನ್ಸಿಲಿನ ಗೆರೆಗಳು ಕಂಡವು. ಎಣಿಸಿದೆ. ಹನ್ನೊಂದು.

ಲೋಪಾಕ

*

ಅರಿಜೋನಾ
ಜುಲೈ 14, 2019

ವೈಲಾ,

ಏಳು ವಾರವಾಯಿತು. ಮೂರು ಸಲ ಫೋನ್ ಮಾಡಿದೆ, ನೀನು ಕರೆ ಒಪ್ಪಿಕೊಳ್ಳಲಿಲ್ಲ ಎಂದು ಯಂತ್ರ ಹೇಳಿತು. ಬೈಯುವುದಾದರೂ ಬರೆ.

ಬಡಿಯುವಾಗ ನಾರು ಒಣಗಲು ಬಿಡಬೇಡಿ. ಆಂಟಿಗೆ ಗೊತ್ತಿರುತ್ತದೆ. ಆದರೂ ಬರೆಯುತ್ತಿದ್ದೇನೆ. ಈಗ ಎಲ್ಲವನ್ನೂ ಬರೆಯಬೇಕೆನ್ನಿಸುತ್ತದೆ.

ಲೋಪಾಕ

*

ಅರಿಜೋನಾ
ಆಗಸ್ಟ್ 18, 2019

ವೈಲಾ,

ಅಮ್ಮ ಇದ್ದಾಳಾ? ಒಂದು ಪದ ಸಾಕು.

*

ಮೊಲೊಕಾಯಿ
ಸೆಪ್ಟೆಂಬರ್ 8, 2019

ಅಣ್ಣ,

ಆಗಸ್ಟ್ ಮೂವತ್ತರ ಬೆಳಿಗ್ಗೆ ಅಮ್ಮ ಹೋದಳು. ಅಂದೇ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಸುದ್ದಿ ತಲುಪಿಸಿದ್ದೇವೆ ಎಂದರು. ತಲುಪಿಸುವುದು ಬೇರೆ, ಹೇಳುವುದು ಬೇರೆ. ಅದಕ್ಕೆ ಈಗ ಹೇಳುತ್ತೇನೆ.

ನಿನ್ನ ಮೇ ತಿಂಗಳ ಕಾಗದ ಬಂದ ದಿನ ಅದನ್ನು ಅಮ್ಮನಿಗೆ ಓದಿದೆ. ಒಂದು ಅಕ್ಷರ ಬಿಡದೆ, ಸಿಟ್ಟಿನಿಂದ. ನಿನ್ನ ಮುದ್ದಿನ ಮಗ ಏನು ಮಾಡಿದ ಕೇಳು ಎಂಬ ಹಾಗೆ ಓದಿದೆ. ಅವಳು ಅಳುತ್ತಾಳೆ, ಆಗ ನಾನು ಸಮಾಧಾನ ಮಾಡುತ್ತೇನೆ ಎಂಬ ಆಸೆ ನನಗೆ ಒಳಗೊಳಗೇ ಇತ್ತೇನೋ. ಎಷ್ಟು ಕೆದಕಿದರೂ ಇಲ್ಲ ಎನ್ನಲಾಗುತ್ತಿಲ್ಲ.

ಅಮ್ಮ ಅಳಲಿಲ್ಲ. ಕೊನೆಯವರೆಗೆ ಕೇಳಿ, ಪಕ್ಕದಲ್ಲಿ ಒಣಗಲು ಹಾಕಿದ್ದ ನಾರಿನ ಪಟ್ಟಿ ಕೊಡು ಎಂದು ಕೈ ಮಾಡಿದಳು. ಕೊಟ್ಟೆ. ದೊಡ್ಡ ತೂತೊಂದನ್ನು ಹುಡುಕಿ ಅದರೊಳಗೆ ಕಿರುಬೆರಳು ತೂರಿಸಿ ನನ್ನ ಮೂಗಿನ ಮುಂದೆ ಹುಳುವಿನ ಹಾಗೆ ಆಡಿಸಿದಳು. ಆಮೇಲೆ ನಕ್ಕಳು. ಅರ್ಧ ಮುಖದಲ್ಲಿ, ಸದ್ದಿಲ್ಲದೆ, ಬಾಯಿಂದ ಪೋಯಿ ಸೋರುವವರೆಗೆ. ಕಾಯಿಲೆ ಬಿದ್ದ ಮೇಲೆ ಅವಳು ನಕ್ಕಿದ್ದು ಅದೊಂದೇ ಸಲ. ನನ್ನ ದಡ್ಡತನಕ್ಕೆ ನಕ್ಕಳೋ, ನಿನ್ನ ಕಳ್ಳತನಕ್ಕೋ, ಇಬ್ಬರನ್ನೂ ಸೇರಿಸಿಯೋ, ತಿಳಿಯದು. ಸಿಟ್ಟಂತೂ ಇರಲಿಲ್ಲ.

ಆ ನಗುವಿನಲ್ಲಿ ನಿನಗೂ ಪಾಲಿತ್ತು. ಬರೆದಿದ್ದರೆ ಜೂನ್ ತಿಂಗಳಿನಿಂದ ನೀನು ಹಗುರವಾಗಿರುತ್ತಿದ್ದೆ. ಮೂರು ತಿಂಗಳು ನಾನು ಅದನ್ನು ಬೇಕೆಂದೇ ಬಚ್ಚಿಟ್ಟುಕೊಂಡೆ. ನೀನು ಮುಚ್ಚಿಟ್ಟದ್ದು ಇದಕ್ಕಿಂತ ಹೆಚ್ಚು ಕಾಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಜೂನ್, ಜುಲೈ, ಆಗಸ್ಟ್ ಬಡಿದೆವು. ಜಗಲಿಯಲ್ಲಿ, ಅಮ್ಮನ ಕಣ್ಣೆದುರಿಗೆ. ನನ್ನ ಏಟು ತಾಳ ತಪ್ಪಿದರೆ ಕುರ್ಚಿಯ ಕೈಯ ಮೇಲೆ ತಟ್ಟಿ ಸರಿಮಾಡುತ್ತಿದ್ದಳು. "ನೋಡು, ಮೇಷ್ಟ್ರು ಎದ್ರು" ಎನ್ನುತ್ತಿದ್ದಳು ಆಂಟಿ. ನಾರನ್ನು ಎರಡು ಪದರ ಮಾಡಿ, ಒಂದರ ತೂತು ಇನ್ನೊಂದರ ಮೇಲೆ ಬಾರದ ಹಾಗೆ ಜೋಡಿಸಿ, ಅಂಟುಗಂಜಿ ಹಚ್ಚಿ ತೇಪೆ ಹಾಕಿ ಬಡಿದೆವು. ಎಷ್ಟು ಮಾಡಿದರೂ ಕೆಲವು ಉಳಿದವು. ಅರಿಶಿನದಲ್ಲಿ ಅದ್ದಿ ಒಣಹಾಕಿದಾಗ ಆಂಟಿ ಹೇಳಿದಳು, "ಬೆಳಿಗ್ಗೆ ಯಾರ ಕೈಯೂ ಮುಟ್ಟದೇ ಇದ್ದ ಜಾಗ ಎಲ್ಲೆಲ್ಲಿದೆ ಅಂತ ಈ ಬಟ್ಟೆ ತೋರಿಸ್ತಿದೆ ನೋಡು." ಅವಳು ಚುಚ್ಚಲು ಹೇಳಿದ್ದಲ್ಲ. ಆದರೂ ನಾಟಿತು.

ಆಗಸ್ಟ್ ಇಪ್ಪತ್ತೇಳಕ್ಕೆ ಮುಗಿಯಿತು. ನೀನು ಕೇಳಿಕೊಂಡಂತೆ, ಮುಗಿಯಿತೆಂದು ನಾನು ಅವಳಿಗೆ ಹೇಳಲಿಲ್ಲ. ಮಡಿಸಿ ಒಳಗಿಟ್ಟೆ. ಆದರೆ ಮಾರನೆಯ ದಿನ ಕೊಡತಿಯ ಸದ್ದು ಇರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಿದ್ದಳು. ಆಮೇಲೆ ಕುರ್ಚಿಯ ಮೇಲಿನ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಎರಡು ದಿನ ಬಿಟ್ಟು ಹೋದಳು. ನೀನು ಅವಳ ಬಗ್ಗೆ ಹೇಳಿದ್ದು ಸರಿಯಾಗಿತ್ತು. ನನಗಿಂತ ಚೆನ್ನಾಗಿ ನಿನಗೆ ಅವಳು ಗೊತ್ತಿದ್ದಳು. ಅದನ್ನು ಹೀಗೆ ಬಳಸಿಕೊಂಡೆಯಲ್ಲ ಎಂಬುದೇ ನನಗೆ ಇನ್ನೂ ನುಂಗಲಾಗುತ್ತಿಲ್ಲ.

ಅಜ್ಜಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಸುತ್ತುವಾಗ, ತೇಪೆ ಹಿಡಿಯದ ಒಂದು ತೂತು ಸರಿಯಾಗಿ ಅವಳ ಎಡಗೈಯ ಮೇಲೆ ಬಂತು. ಆಂಟಿ ಗಂಜಿಯ ಬಟ್ಟಲು ತರಲು ಎದ್ದಳು. ನಾನು ಬೇಡ ಎಂದೆ. ಅಮ್ಮನ ಹೆಬ್ಬೆರಳನ್ನು ಆ ತೂತಿನಿಂದ ಹೊರಗೆ ಎಳೆದೆ. ಉಗುರು ಉದ್ದವಾಗಿತ್ತು, ಕತ್ತರಿಸಲು ಅವಳು ಯಾವತ್ತೂ ಬಿಟ್ಟಿರಲಿಲ್ಲ. ಎದ್ದಿದ್ದ ಆಂಟಿ ಮತ್ತೆ ಕೂತಳು. "ಹೊರಗೇ ಇರ್ಲಿ ಬಿಡು. ಅಲ್ಲೂ ಬೆಳಿಗ್ಗೆ ಎದ್ದು ಗಿಡ ನೋಡೋರು ಬೇಕಲ್ಲ."

ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ಕೇಳಬೇಡ. ದಿನಕ್ಕೊಂದು ಉತ್ತರ ಬರುತ್ತದೆ. ಕಡಿದ ಬುಡಗಳಿಂದ ಮೇ ತಿಂಗಳಲ್ಲೇ ಹೊಸ ಕಾಂಡಗಳು ಎದ್ದಿವೆ. ಈಗ ನನ್ನ ಭುಜದ ಮಟ್ಟಕ್ಕಿವೆ, ಬೋಳು ಕೋಲುಗಳ ಹಾಗೆ, ತುದಿಯಲ್ಲಿ ಮಾತ್ರ ಎಲೆ. ಈ ಬಟ್ಟೆ ಯಾರಿಗೆ ಎಂದು ನನಗೆ ಗೊತ್ತಿಲ್ಲ. ಮುಂದಿನ ಮೇ ಮುಗಿಯುವ ಹೊತ್ತಿಗೆ ಕಡಿಯುವ ಹದಕ್ಕೆ ಬರುತ್ತವೆ. ನೀನು ಬಂದಿದ್ದರೆ ನೀನೇ ಸುಲಿ. ಬರದಿದ್ದರೆ ನಾನು ಕಾಯುವುದಿಲ್ಲ, ಕಡಿಯುತ್ತೇನೆ.

ದಿನಾ ಬೆಳಿಗ್ಗೆ ಸುತ್ತು ಹಾಕುತ್ತೇನೆ. ಕಾಫಿ ಈಗ ಒಂದೇ ಕೈಯಲ್ಲಿ ಹಿಡಿಯುತ್ತೇನೆ.

ವೈಲಾನಾ